ಇಮ್ಯೂನಿಟಿ ಕಮ್ಮಿ ಇರಬೇಕು ನಿಂಗೆ

"ಇಷ್ಟು ಚಿಕ್ಕ ವಯಸ್ಸಿಗೇ ಗಂಟುನೋವಾ? ಇಮ್ಯೂನಿಟಿ ಕಮ್ಮಿ ಇರಬೇಕು. ಏನು ತಗೊಳ್ತಿದೀಯ?"

ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ, ಸೊಸೈಟಿ ಕ್ಯೂನಲ್ಲಿ, ತಿಥಿ ಊಟದಲ್ಲಿ ಇದಕ್ಕೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಬಾಯಲ್ಲಿ ಹೇಳಿದರೆ ಯಾರೂ ಪೂರ್ತಿ ಕೇಳುವುದೂ ಇಲ್ಲ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ವಾಟ್ಸಾಪ್ ಮಾಡುತ್ತೇನೆ. ಬೇಜಾರಾದರೆ ಆಗಲಿ.

ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವು ಬೇರೆ, ಇದು ಬೇರೆ. ರೋಗಾಣುಗಳ ಮೇಲೆ ಬೀಳಬೇಕಾದ ರಕ್ಷಣಾ ಕಣಗಳು ಇಲ್ಲಿ ನನ್ನದೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತವೆ. ಪೊರೆ ಊದಿ ದಪ್ಪವಾಗುತ್ತದೆ. ಹಾಗೇ ಬಿಟ್ಟರೆ ಪಕ್ಕದ ಮೂಳೆಯನ್ನೂ ಕೊರೆಯುತ್ತದೆ. ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳು ಮಡಚಲಿಕ್ಕೆ ಬರುವುದಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಮನೆಮಂದಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂತರೆ ನಾನು ಕಾಫಿ ಸರಬರಾಜಿಗೆ. ಲೋಟ ಹಿಡಿಯುವುದೂ ಎರಡು ಕೈಯಲ್ಲಿ.

ಅಂದರೆ ಇಮ್ಯೂನಿಟಿ ಬೇಕಾದಷ್ಟಿದೆ ಮಾರಾಯ್ರೆ. ತಪ್ಪು ಜಾಗದಲ್ಲಿ ದುಡಿಯುತ್ತಿದೆ ಅಷ್ಟೇ.

ಹೋದ ವರ್ಷ ಸಾಗರದ ಕಡೆ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕದಲ್ಲಿದ್ದ ದೊಡ್ಡಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಪೇಟೆ ಊಟ ಜಾಸ್ತಿ ಆಯ್ತು ಕಣೇ ನಿಂಗೆ. ದಿನಾ ಅಮೃತಬಳ್ಳಿ ಕಷಾಯ ಕುಡಿ, ಇಮ್ಯೂನಿಟಿ ಏರುತ್ತೆ" ಅಂದರು. ನಾನು ಪೇಟೆಯಲ್ಲಿ ಇದ್ದವಳೇ ಅಲ್ಲ. ಪತ್ರೊಡೆ, ಕಳಲೆ, ಒಂದೆಲಗದ ತಂಬುಳಿ ತಿಂದೇ ಬೆಳೆದವಳು. "ದೊಡ್ಡಪ್ಪ, ಬೇಲಿಯೇ ಎದ್ದು ಹೊಲ ಮೇಯ್ತಾ ಇದೆ. ನೀವು ಬೇಲಿಗೆ ಗೊಬ್ಬರ ಹಾಕು ಅಂತೀರಲ್ಲ" ಅಂದೆ. ಮಜ್ಜಿಗೆ ಬರುವವರೆಗೆ ಮಾತಿಲ್ಲ.

ಅಮೃತಬಳ್ಳಿ ಕುಡಿದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಜಗಳ ಅವರದ್ದು. ಆದರೆ ಈ ರೋಗಕ್ಕೆ ನಾನು ನುಂಗುವ ಮೆಥೋಟ್ರೆಕ್ಸೇಟ್ ಮಾತ್ರೆಯೂ ಲಿವರ್‌ಗೆ ಭಾರವೇ. ಅದಕ್ಕೇ ಆಗಾಗ ರಕ್ತಪರೀಕ್ಷೆ. ಅದರ ಮೇಲೆ ಇನ್ನೊಂದು ಪರೀಕ್ಷೆ ನನಗೆ ಬೇಡ.

ಒಬ್ಬರಾದರೂ ಬೇರೆ ಪ್ರಶ್ನೆ ಕೇಳಬಾರದಿತ್ತಾ? ಇದು ಎಲ್ಲರಿಗೂ ಯಾಕೆ ಬರುವುದಿಲ್ಲ ಅಂತ? ಅದನ್ನು ಕೇಳಿದರೆ ನಾನೇ ಕೂರಿಸಿ ಕಾಫಿ ಕೊಡುತ್ತೇನೆ.

ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ರಕ್ಷಣಾ ಕಣಗಳಲ್ಲೇ ಒಂದು ಬಗೆಯಾದ ಟಿ ಕಣಗಳು ಬಲಿಯುವುದು ಅಲ್ಲಿ. ಮೈಯದೇ ತುಣುಕು ಕಂಡು ಜೋರಾಗಿ ಕೆರಳಿದ ಕಣಗಳು ಅಲ್ಲೇ ಸಾಯುತ್ತವೆ. ಆದರೂ ಕೆಲವು ತಪ್ಪಿಸಿಕೊಂಡು ಹೊರಗೆ ಬರುತ್ತವೆ. ನನ್ನೊಳಗೆ ಮಾತ್ರ ಅಲ್ಲ, ನಿಮ್ಮೊಳಗೂ, ದೊಡ್ಡಪ್ಪನ ಒಳಗೂ. ಅಂಥವನ್ನು ಅದುಮಿಡುವ ಬೇರೆಯೇ ಟಿ ಕಣಗಳಿವೆ ಅಂತ 1995ರಲ್ಲಿ ಜಪಾನಿನ ವಿಜ್ಞಾನಿ ಶಿಮೋನ್ ಸಕಾಗುಚಿ ತೋರಿಸಿದರು. ಅವು ತಯಾರಾಗಲು ಫಾಕ್ಸ್‌ಪಿ3 ಎಂಬ ಜೀನ್ ಬೇಕು. ಅದು ಕೆಟ್ಟರೆ ಹಸುಗೂಸುಗಳಿಗೇ ಇಂಥ ಕಾಯಿಲೆ ಭೀಕರವಾಗಿ ಬರುತ್ತದೆ. ಆ ಜೀನನ್ನು 2001ರಲ್ಲಿ ಪತ್ತೆ ಮಾಡಿದವರು ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೇ ಬಂತು.

ನನ್ನಲ್ಲಿ ಈ ಹಿಡಿತ ಯಾಕೆ ತಪ್ಪಿತು ಅಂದರೆ ಒಂದೇ ಕಾರಣ ಅಂತಿಲ್ಲ. ವಂಶದ ಪಾಲಿದೆ. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಜಾಸ್ತಿ. ಗಂಡಸರಿಗಿಂತ ಹೆಂಗಸರಿಗೆ 2–3 ಪಟ್ಟು ಜಾಸ್ತಿ. ದೊಡ್ಡಪ್ಪ ಬೀಡಿ ಸೇದುತ್ತಾರೆ, ಅವರಿಗೆ ಬಂದಿಲ್ಲ. ಅದನ್ನೂ ಅಮೃತಬಳ್ಳಿ ಲೆಕ್ಕಕ್ಕೇ ಬರೆದುಕೊಂಡಿದ್ದಾರೆ.

ಅಂಟುರೋಗವಾ? ಅಲ್ಲ. ಮಾತ್ರೆ ದಿನಾನಾ? ಅಲ್ಲ, ವಾರಕ್ಕೆ ಒಂದೇ ದಿನ. ಇದನ್ನು ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ಈ ಮಾತ್ರೆಯ ಕೆಲಸವೇ ಇಮ್ಯೂನಿಟಿಯನ್ನು ತಗ್ಗಿಸುವುದು. ಹಾಗಾಗಿ ಕೆಮ್ಮು, ಜ್ವರ ಇದ್ದವರು ನನಗೆ ಬುದ್ಧಿ ಹೇಳಲು ಮನೆಗೆ ಬರಬೇಡಿ. ಫೋನ್ ಮಾಡಿ. ಎತ್ತುತ್ತೇನೆ ಅಂತ ಮಾತು ಕೊಡಲಾರೆ.