ಮೂರನೇ ಸಹಿ ಸಿಗದ ಕಥೆ

ಬೆಂಗಳೂರಿನ ಒಂದು ಸಣ್ಣ ಪ್ರಕಾಶನದಲ್ಲಿ ನನ್ನ ಕೆಲಸ. ಪ್ರೂಫ್ ನೋಡುತ್ತೇನೆ, ಪ್ರೆಸ್ಸಿಗೆ ಓಡುತ್ತೇನೆ, ಅನುಮತಿ ಪತ್ರಗಳಿಗೆ ಅಲೆಯುವುದೂ ನಾನೇ. "ಇಂಟರ್ನೆಟ್ ಕಾಲದಲ್ಲಿ ಕಾಪಿರೈಟ್ ಯಾಕ್ರೀ, ತೆಗೆದುಹಾಕಿ" ಅಂತ ಯಾರಾದರೂ ಅಂದರೆ ಮೊದಲೆಲ್ಲ ಸಿಟ್ಟು ಬರುತ್ತಿತ್ತು.

ಕಾರಣವೂ ಇತ್ತು ಬಿಡಿ. ನಾವು 500 ಪ್ರತಿ ಹಾಕಿಸಿದ್ದ ಕಾದಂಬರಿಯೊಂದು ವಾರದೊಳಗೆ ಪಿಡಿಎಫ್ ಆಗಿ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಸ್ಕ್ಯಾನ್ ಅಲ್ಲ, ಪ್ರೆಸ್ಸಿಗೆ ಹೋದ ಫೈಲೇ, ಕಟಿಂಗ್ ಮಾರ್ಕ್ ಸಮೇತ. ಕೊನೇ ಸಲ ನೋಡಲಿ ಅಂತ ಲೇಖಕಿಗೆ ನಾನೇ ಮೇಲ್ ಮಾಡಿದ್ದೆ. ಅವರು ಖುಷಿಯಲ್ಲಿ ನೆಂಟರಿಗೆ ಕಳಿಸಿದ್ದರು. ಅವರಿಗೆ ಸಿಗುವ ರಾಯಲ್ಟಿಯೇ ಶೇಕಡಾ 10. ಯಾರನ್ನು ಬಯ್ಯೋದು? ಈಗ ಪುಟ ಪುಟಕ್ಕೂ ಅಡ್ಡಲಾಗಿ ಲೇಖಕರ ಹೆಸರು ಮಸುಕಾಗಿ ಹಾಕಿಯೇ ಕಳಿಸುತ್ತೇನೆ.

ಸಿಟ್ಟು ಇಳಿದದ್ದು ಹಳೆಯ ಕಥೆಗಳ ಸಂಕಲನ ಮಾಡುವಾಗ. ಅದರಲ್ಲೊಬ್ಬ ಕಥೆಗಾರರು ತೀರಿಕೊಂಡದ್ದು 1968ರಲ್ಲಿ. ನಮ್ಮ ಕಾಯ್ದೆ ಪ್ರಕಾರ ಲೇಖಕರು ಹೋದ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ, ಅಂದರೆ 2028ರ ಕೊನೆವರೆಗೆ. ಮೊದಲು 50 ಇತ್ತು. ಟ್ಯಾಗೋರ್ 1941ರಲ್ಲಿ ತೀರಿಕೊಂಡಿದ್ದರು, 1991 ಮುಗಿದರೆ ಅವರ ಕೃತಿಗಳು ಅವರೇ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯದ ಕೈತಪ್ಪುತ್ತವೆ ಅಂತ ಗಡಿಬಿಡಿಯಲ್ಲಿ ಹತ್ತು ವರ್ಷ ಸೇರಿಸಿದರು. ಅದು ಎಲ್ಲರಿಗೂ ಅಂಟಿಕೊಂಡಿತು, ದಶಕಗಳಿಂದ ಮರುಮುದ್ರಣವನ್ನೇ ಕಾಣದ ನಮ್ಮ ಕಥೆಗಾರರಿಗೂ.

ಆ ಕಥೆಗಾರರಿಗೆ ಮೂವರು ಮಕ್ಕಳು, ಅನುಮತಿಗೆ ಮೂವರ ಸಹಿಯೂ ಬೇಕಿತ್ತು. ಮೈಸೂರಿನ ಮಗಳು ಕಾಫಿ ಕೊಟ್ಟು ಸಹಿ ಹಾಕಿದರು. ಧಾರವಾಡದಿಂದ ಕೊರಿಯರ್ ಬಂತು. ಮೂರನೆಯವರು ಈಗಿಲ್ಲ, ಅವರ ಮಗ ಅಮೆರಿಕದಲ್ಲಿ ಎಲ್ಲೋ. ಐದು ತಿಂಗಳು ಹುಡುಕಿದೆ, ಸಿಗಲಿಲ್ಲ. ಕಾನೂನಿನಲ್ಲಿ ದಾರಿ ಇಲ್ಲ ಅಂತಲ್ಲ, ಸೆಕ್ಷನ್ 31ಎ ಇದೆ. ದೇಶದ ಹೆಚ್ಚಿನ ಕಡೆ ಓಡುವ ಇಂಗ್ಲಿಷ್ ಪೇಪರಿನಲ್ಲಿ ಪ್ರಕಟಣೆ ಕೊಟ್ಟು, ಕೋರ್ಟಿಗೆ ಅರ್ಜಿ ಹಾಕಿ, ಅವರು ಹೇಳಿದಷ್ಟು ರಾಯಲ್ಟಿ ಕಟ್ಟಬೇಕು. ಎಂಟು ಪುಟದ ಕನ್ನಡ ಕಥೆಗೆ! ನಮ್ಮ ಯಜಮಾನರು ಲೆಕ್ಕ ಹಾಕಿ ನಕ್ಕರು. ಕಥೆ ಬಿಟ್ಟೆವು.

ಅದರ ಸ್ಕ್ಯಾನ್ ಮಾತ್ರ ನೆಟ್‌ನಲ್ಲಿ ಆರಾಮಾಗಿ ಬಿದ್ದಿದೆ, ಒಂದು ಪುಟ ಅರ್ಧ ಹರಿದ ಹಾಗೇ. ಕೇಳದೆ ಹಾಕಿದವರಿಗೆ ಏನೂ ಆಗಲಿಲ್ಲ, ಕೇಳಿಕೊಂಡು ಹೋದ ನಾವು ಹಾಕಲಾಗಲಿಲ್ಲ.

ಹಾಗಂತ ಕಾಪಿರೈಟೇ ಬೇಡ ಅನ್ನಲಾರೆ, ಆ ಲೇಖಕಿಯ ಶೇಕಡಾ 10 ಹೋಗುತ್ತದೆ. ಆದರೆ ಈ 60? ಕಾಪಿರೈಟ್ ಬಗ್ಗೆ ದೇಶದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದ ಕೇಳುವುದು 50 ಮಾತ್ರ. ಅಷ್ಟಕ್ಕೇ ನಿಲ್ಲಿಸಿದ್ದರೆ ನಮ್ಮ ಕಥೆ 2019ಕ್ಕೇ ಎಲ್ಲರದ್ದಾಗುತ್ತಿತ್ತು.

ನಿರಂಜನರ ಕೃತಿಗಳನ್ನು ಅವರ ಮನೆಯವರು, ಪ್ರತಿ ಸಲ ಅನುಮತಿ ಕೇಳಬೇಕಿಲ್ಲದ ಮುಕ್ತ ಪರವಾನಗಿಯಾದ ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟರು. ಎಲ್ಲರೂ ಬಿಡಬೇಕು ಅಂತೇನಿಲ್ಲ, ಒಂದು ಫೋನ್ ನಂಬರ್ ಸಿಕ್ಕರೂ ಸಾಕು. ಅದಕ್ಕೇ ಈಗ ಹೊಸ ಕರಾರುಪತ್ರದಲ್ಲಿ ಒಂದು ಸಾಲು ಸೇರಿಸಿದ್ದೇನೆ: ತಮ್ಮ ನಂತರ ಅನುಮತಿ ಕೊಡಬೇಕಾದ ಒಬ್ಬರ ಹೆಸರು, ವಿಳಾಸ. ಮೊನ್ನೆ 26 ವರ್ಷದ ಕವಿಯೊಬ್ಬ ಅದನ್ನು ಓದಿ, "ಏನ್ ಸಾರ್, ಮೊದಲನೇ ಪುಸ್ತಕಕ್ಕೇ ಸಾಯಿಸ್ತಿದ್ದೀರಲ್ಲ" ಅಂದ. ಅಕ್ಕನ ಹೆಸರು ಬರೆದುಕೊಟ್ಟ.