ಸಾಫ್ಟ್‌ಶೆಲ್ಲೋ ಹಾರ್ಡ್‌ಶೆಲ್ಲೋ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ದೀಪಾವಳಿ ಕಳೆಯುತ್ತಿದ್ದಂತೆ ಮೈಸೂರಿನ ಗೆಳೆಯರಿಂದ ನನಗೆ ಪ್ರತಿವರ್ಷವೂ ಬರುವ ಪ್ರಶ್ನೆ ಒಂದೇ. ಡಿಸೆಂಬರಿನಲ್ಲಿ ಉತ್ತರಾಖಂಡದ ಹಿಮದ ಬೆಟ್ಟಗಳಾದ ಕೇದಾರಕಂಠಕ್ಕೋ ಬ್ರಹ್ಮತಾಲಕ್ಕೋ ಚಾರಣ ಹೊರಟಿದ್ದೇವೆ, ಜಾಕೆಟ್ ಕೊಳ್ಳುವುದಾದರೆ ಗಾಳಿ ತಡೆದು ಬೆವರಿನ ಆವಿ ಬಿಡುವ ಸಾಫ್ಟ್‌ಶೆಲ್ ಒಳ್ಳೆಯದೋ ನೀರು ಒಳಗಿಳಿಯದ ಹಾರ್ಡ್‌ಶೆಲ್ ಒಳ್ಳೆಯದೋ ಎಂದು ಅವರು ಕೇಳುತ್ತಾರೆ. ಹದಿನಾರು ಡಿಗ್ರಿಗೇ ಸ್ವೆಟರ್ ಹುಡುಕುವ ನಾವು ಹೊರಗಿನ ಚಳಿಯ ಬಗ್ಗೆ ಮಾತ್ರ ಯೋಚಿಸುತ್ತೇವೆ. ಹಿಮದ ಬೆಟ್ಟದಲ್ಲಿ ನನ್ನನ್ನು ಹೆಚ್ಚು ನಡುಗಿಸಿರುವುದು ಮಾತ್ರ ನನ್ನದೇ ಬೆವರು.

ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಯಲ್ಲಿ ಗದ್ದೆ ಕೆಲಸಕ್ಕೆ ಹಿಂದೆ ಕಂಬಳಿಕೊಪ್ಪೆ ಹಾಕುತ್ತಿದ್ದರು. ಈಗ ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನೇ ಮಡಚಿ ಕೊಪ್ಪೆ ಮಾಡಿಕೊಳ್ಳುತ್ತಾರೆ. ಪ್ಲಾಸ್ಟಿಕ್ ಕೊಪ್ಪೆಯೊಳಗೆ ಮಳೆ ಇಳಿಯುವುದಿಲ್ಲ, ಆದರೆ ಒಂದು ಗಂಟೆ ಕಳೆ ಕಿತ್ತರೆ ಬೆನ್ನು ಬೆವರಿನಿಂದ ತೊಯ್ದಿರುತ್ತದೆ. ಕಂಬಳಿ ನಿಧಾನವಾಗಿ ನೀರು ಹೀರಿ ಭಾರವಾಗುತ್ತದೆ, ಆದರೂ ಮೈ ಉಸಿರಾಡುತ್ತದೆ, ಬೆಚ್ಚಗಿರುತ್ತದೆ. ಹಾರ್ಡ್‌ಶೆಲ್ ಮತ್ತು ಸಾಫ್ಟ್‌ಶೆಲ್‌ಗಳ ನಡುವಿನ ವ್ಯತ್ಯಾಸದ ತಿರುಳು ಇದೇ.

ಹಾರ್ಡ್‌ಶೆಲ್ ಪ್ಲಾಸ್ಟಿಕ್ ಚೀಲಕ್ಕಿಂತ ಬಹಳ ಮುಂದುವರಿದದ್ದು, ನಿಜ. ಬಾಬ್ ಗೋರ್ 1969ರಲ್ಲಿ ಕಂಡುಕೊಂಡ, ಹಿಗ್ಗಿಸಿದ ಪಿಟಿಎಫ್ಇ ಎಂಬ ವಸ್ತುವಿನ ತೆಳುಪೊರೆಯೇ 1976ರಿಂದ ಗೋರ್‌ಟೆಕ್ಸ್ ಬಟ್ಟೆಯಾಗಿ ಮಾರುಕಟ್ಟೆಗೆ ಬಂತು; ಹಾರ್ಡ್‌ಶೆಲ್ಲಿನಲ್ಲಿರುವುದು ಇಂಥ ಪೊರೆಯೇ. ಅದರ ರಂಧ್ರಗಳು ನೀರಿನ ಹನಿಯನ್ನು ತಡೆಯುತ್ತವೆ, ಆವಿಯನ್ನು ಬಿಡುತ್ತವೆ. ಲೇಬಲ್ಲಿನ ಮೇಲೆ 20,000 ಮಿ.ಮೀ. ಎಂದಿದ್ದರೆ, ಇಪ್ಪತ್ತು ಮೀಟರ್ ಎತ್ತರದ ನೀರಿನ ಕಂಬದ ಒತ್ತಡವನ್ನು ಆ ಬಟ್ಟೆ ಸೋರದೆ ತಾಳುತ್ತದೆ ಎಂದರ್ಥ. ಹೊಲಿಗೆಗಳ ಒಳಗೂ ಟೇಪ್ ಅಂಟಿಸಿರುತ್ತಾರೆ. ಆದರೆ ಆವಿ ಹೊರಹೋಗುವ ವೇಗಕ್ಕೆ ಒಂದು ಮಿತಿಯಿದೆ. ಬೆನ್ನಿಗೆ ಹತ್ತು ಕಿಲೋ ಹೊತ್ತು ಕಡಿದಾದ ಏರು ಹತ್ತುವವನ ಬೆವರು ಆ ಮಿತಿಯನ್ನು ಬಹುಬೇಗ ಮೀರುತ್ತದೆ, ಮತ್ತು ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ತಣ್ಣಗಾದ ಬಟ್ಟೆಯ ಒಳಮೈಗೆ ತಾಗಿದ ಆವಿ ಹೊರಗೆ ದಾಟುವ ಮೊದಲೇ ಹನಿಯಾಗಿ, ಕೆಲವೊಮ್ಮೆ ಮಂಜಿನ ಪುಡಿಯಾಗಿ ಅಲ್ಲೇ ಕೂರುತ್ತದೆ.

ನನ್ನ ಮೊದಲ ಕೇದಾರಕಂಠ ಚಾರಣದಲ್ಲಿ ಆದದ್ದು ಇದೇ. 3,800 ಮೀಟರ್ ಎತ್ತರದ ಆ ಶಿಖರಕ್ಕೆ ಬೆಳಗಿನ ಜಾವದ ಕತ್ತಲಲ್ಲಿ ಹೊರಡುವಾಗ ಚಳಿಗೆ ಹೆದರಿ, ದಪ್ಪ ಫ್ಲೀಸಿನ (ಉಣ್ಣೆಯಂತೆ ಮೆತ್ತಗಿರುವ ಕೃತಕ ನೂಲಿನ ಬೆಚ್ಚನೆ ಅಂಗಿಯ) ಮೇಲೆ ಹಾರ್ಡ್‌ಶೆಲ್ ತೊಟ್ಟು, ಜಿಪ್ಪನ್ನು ಗಲ್ಲದವರೆಗೆ ಎಳೆದುಕೊಂಡಿದ್ದೆ. ಏರುವಷ್ಟು ಹೊತ್ತೂ ಸುಖವಾಗಿತ್ತು. ಸೂರ್ಯೋದಯ ನೋಡಲು ಮೇಲೆ ನಿಂತ ಹತ್ತು ನಿಮಿಷದಲ್ಲಿ ಹಲ್ಲು ಕಟಕಟಿಸತೊಡಗಿತು. ತೋಳು ಮಡಿಸಿದರೆ ಒಳಗಿನ ಅಂಗಿ ತಣ್ಣಗೆ ಅಂಟುತ್ತಿತ್ತು. ನಿಶ್ಚಲವಾದ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಒಯ್ಯುತ್ತದೆ ಎಂಬುದನ್ನು ನಾನು ಓದಿದ್ದೆ, ಮೈಯಲ್ಲಿ ಅರಿತದ್ದು ಅಂದು.

ಸಾಫ್ಟ್‌ಶೆಲ್ ಎಂದರೆ ಒತ್ತಾಗಿ ನೇಯ್ದ, ಎಳೆದರೆ ಹಿಗ್ಗುವ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ. ಕೆಲವಕ್ಕೆ ಒಳಗೆ ತೆಳುವಾದ ಫ್ಲೀಸ್ ಇರುತ್ತದೆ. ಗಾಳಿಯನ್ನು ಬಹುಮಟ್ಟಿಗೆ ತಡೆಯುತ್ತದೆ, ಬೆವರಿನ ಆವಿಯನ್ನು ಧಾರಾಳವಾಗಿ ಬಿಡುತ್ತದೆ. ಕಡುಚಳಿಯ ಒಣಹಿಮ ಅದರ ಮೇಲೆ ಅಕ್ಕಿಹಿಟ್ಟಿನಂತೆ ಕೂರುತ್ತದೆ, ಕೊಡವಿದರೆ ಹೋಗುತ್ತದೆ. ಶೂನ್ಯದ ಆಸುಪಾಸಿನಲ್ಲಿ ಬೀಳುವ ಹಸಿಹಿಮಕ್ಕೂ ಮಳೆಗೂ ಅದು ಅರ್ಧ ಗಂಟೆಯೂ ತಡೆಯದಿರಬಹುದು.

ಹಾಗಾಗಿ ನಡೆಯುವಾಗ ಮೈಮೇಲೆ ಸಾಫ್ಟ್‌ಶೆಲ್ ಇರಲಿ, ಚೀಲದ ಮೇಲ್ಭಾಗದಲ್ಲಿ ಹಗುರವಾದ ಹಾರ್ಡ್‌ಶೆಲ್ ಇರಲಿ ಎಂಬುದೇ ನನ್ನ ಉತ್ತರ. ಒಂದಕ್ಕೆ ಮಾತ್ರ ಹಣವಿದೆ ಎನ್ನುವವರಿಗೆ ನಾನು ಹಿಂಜರಿಯದೆ ಹಾರ್ಡ್‌ಶೆಲ್ ಎನ್ನುತ್ತೇನೆ, ಏಕೆಂದರೆ ಬಿಸಿಲಿನ ದಿನ ಸಾಫ್ಟ್‌ಶೆಲ್ ಮಾಡುವ ಕೆಲಸವನ್ನು ಒಂದು ಸಾಧಾರಣ ಫ್ಲೀಸ್ ಮಾಡೀತು, ಆದರೆ ಹಿಮಗಾಳಿ ಎದ್ದಾಗ ಹಾರ್ಡ್‌ಶೆಲ್ಲಿಗೆ ಬದಲಿಯಿಲ್ಲ. ಬೆವರಿನ ಆವಿ ಹೊರಹೋಗಲು ಕಂಕುಳಲ್ಲಿ ಜಿಪ್ ಇರುವುದನ್ನೇ ಆರಿಸಿ. ಗುಲ್ಮಾರ್ಗ್ ಅಥವಾ ಔಲಿಯಲ್ಲಿ ಸ್ಕೀಯಿಂಗ್ ಕಲಿಯಲು ಹೋಗುವವರು ಪದೇಪದೇ ಹಿಮದಲ್ಲಿ ಬೀಳುತ್ತಾರೆ, ಲಿಫ್ಟಿಗಾಗಿ ನಿಂತು ಕಾಯುತ್ತಾರೆ. ಅವರಿಗೂ ಅದೇ ಸರಿ. ಕೊಡಗಿನ ಮಳೆಗೂ ಅದು ಒದಗುತ್ತದೆ.

ಕೊಂಡ ಮೇಲೆ ಅದನ್ನು ತೊಟ್ಟು, ಚೀಲವನ್ನೂ ಹೊತ್ತು, ಒಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನೋಡಿ. ಸೆಕೆಯಾಗುತ್ತದೆ, ಆಗಲಿ, ಚೀಲದ ಸೊಂಟಪಟ್ಟಿ ಜೇಬುಗಳನ್ನು ಮುಚ್ಚುತ್ತದೆಯೇ, ಕೈ ಎತ್ತಿದರೆ ಜಾಕೆಟ್ ಮೇಲೇರುತ್ತದೆಯೇ, ಗ್ಲೌಸ್ ಹಾಕಿಕೊಂಡೇ ಜಿಪ್ ಎಳೆಯಲು ಬರುತ್ತದೆಯೇ ಎಂಬುದು ನಂದಿಯ ವಿಗ್ರಹ ತಲುಪುವಷ್ಟರಲ್ಲಿ ತಿಳಿದಿರುತ್ತದೆ.