ವ್ಯಾಪಾರಿ ಮೇಯರ್ ಆದರೆ ಊರು ಉದ್ಧಾರವಾಗುತ್ತದೆಯೇ?

ನಗರಾಡಳಿತದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆಯನ್ನು ನನ್ನ ಮುಂದಿಡುತ್ತಾರೆ: ಸ್ವಂತ ಉದ್ಯಮ ಕಟ್ಟಿ ಗೆದ್ದವರ ಕೈಗೆ ನಗರವನ್ನು ಕೊಟ್ಟರೆ ಎಲ್ಲ ಸರಿಹೋಗುವುದಿಲ್ಲವೇ? ಹೋಗಬಹುದು, ಆದರೆ ಆತ ಯಾರ ಪರ ನಿಲ್ಲುತ್ತಾನೆ ಎಂಬುದರ ಮೇಲೆ. ಹಾಗೆ ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಅಮೆರಿಕದ ಡೆಟ್ರಾಯಿಟ್ ನಗರದ ಮೇಯರ್ ಆಗಿದ್ದ ಹೇಜನ್ ಪಿಂಗ್ರಿ.

1840ರಲ್ಲಿ ಮೇಯ್ನ್ ರಾಜ್ಯದಲ್ಲಿ ಹುಟ್ಟಿದ ಪಿಂಗ್ರಿ ಹುಡುಗನಾಗಿದ್ದಾಗಲೇ ಹತ್ತಿ ಗಿರಣಿಗೆ ಸೇರಿದ, ಆಮೇಲೆ ಶೂ ಕಾರ್ಖಾನೆಯಲ್ಲಿ ಕೂಲಿ ಮಾಡಿದ. ಅಂತರ್ಯುದ್ಧದಲ್ಲಿ ಸೆರೆಸಿಕ್ಕು ಆಂಡರ್ಸನ್‌ವಿಲ್ ಎಂಬ ನರಕದಂಥ ಶಿಬಿರದಲ್ಲಿ ದಿನ ಕಳೆದ. ಯುದ್ಧ ಮುಗಿದ ಮೇಲೆ ಡೆಟ್ರಾಯಿಟ್‌ಗೆ ಬಂದು, 1866ರಲ್ಲಿ ಪಾಲುದಾರನೊಬ್ಬನ ಜೊತೆ ಸಣ್ಣದೊಂದು ಶೂ ಕಾರ್ಖಾನೆ ಕೊಂಡ. ಅದು ನೂರಾರು ಜನರಿಗೆ ಕೆಲಸ ಕೊಡುವಷ್ಟು ಬೆಳೆಯಿತು.

1889ರಲ್ಲಿ ಊರಿನ ಸಿರಿವಂತರು, ನಮ್ಮವನೇ ತಾನೇ ಎಂದು ಆತನನ್ನು ಮೇಯರ್ ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದರು. ಅವರ ಲೆಕ್ಕ ತಲೆಕೆಳಗಾಯಿತು. 1891ರಲ್ಲಿ ಟ್ರಾಮ್ ನೌಕರರು ಮುಷ್ಕರ ಹೂಡಿದಾಗ ಸೈನ್ಯ ಕರೆಸಲು ಆತ ಒಪ್ಪಲಿಲ್ಲ. ಐದು ಸೆಂಟ್ ಇದ್ದ ಟ್ರಾಮ್ ದರ ಮೂರು ಸೆಂಟ್ ಆಗಬೇಕೆಂದು ಹಟ ಹಿಡಿದ, ಗ್ಯಾಸ್ ಕಂಪನಿಯ ಮೇಲೆ ದರ ಇಳಿಸುವಂತೆ ಒತ್ತಡ ತಂದ. ಬೀದಿದೀಪಗಳಿಗೆ ನಗರದ್ದೇ ವಿದ್ಯುತ್ ಸ್ಥಾವರ ಬಂತು. ಕೊಡುವ ದುಡ್ಡಿಗೆ ಬರುವ ಮಾಲು ಎಂಥದ್ದೆಂದು ತೂಗಿ ನೋಡುವ ಕಾರ್ಖಾನೆಯ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂದಿತ್ತು. ವ್ಯಾಪಾರದ ಅನುಭವದಿಂದ ಊರಿಗೆ ಆಗುವ ಲಾಭ ಇಷ್ಟೇ, ಆದರೆ ಇದು ಸಣ್ಣದಲ್ಲ.

ನನಗೆ ಆತನ ಮೇಲೆ ಪ್ರೀತಿ ಹುಟ್ಟಿಸಿದ್ದು ಮಾತ್ರ ಆಲೂಗಡ್ಡೆ. 1893ರ ಆರ್ಥಿಕ ಕುಸಿತದಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಅವರಲ್ಲಿ ಪೋಲೆಂಡ್, ಜರ್ಮನಿಗಳಿಂದ ವಲಸೆ ಬಂದವರು ಬಹಳ. ಊರಂಚಿನಲ್ಲಿ ಬೆಲೆ ಏರಲೆಂದು ಮಾಲೀಕರು ಬೀಳುಬಿಟ್ಟಿದ್ದ ನಿವೇಶನಗಳಿದ್ದವು. ಅವನ್ನು ಬೇಸಾಯಕ್ಕೆ ಬಿಟ್ಟುಕೊಡಿ ಎಂದು ಪಿಂಗ್ರಿ ಕೇಳಿದ. ಬೀಜಕ್ಕೆ, ಉಳುಮೆಗೆ ದುಡ್ಡು ಬೇಕು. ಚರ್ಚುಗಳಿಂದ ಬಂದ ಚಂದಾ ಏನೇನೂ ಸಾಲದು. ತನ್ನ ಕುದುರೆಯನ್ನೇ ಹರಾಜಿಗೆ ಹಾಕಿ ನಿಧಿಗೆ ಕೊಟ್ಟ. 1894ರಲ್ಲಿ ಸುಮಾರು 430 ಎಕರೆಯಲ್ಲಿ 900ಕ್ಕೂ ಹೆಚ್ಚು ಕುಟುಂಬಗಳು ಆಲೂಗಡ್ಡೆ, ಹುರುಳಿಕಾಯಿ ಬೆಳೆದವು. ನಕ್ಕಿದ್ದ ಪತ್ರಿಕೆಗಳು ಬಾಯಿ ಮುಚ್ಚಿದವು, ಬೇರೆ ನಗರಗಳೂ ಈ ದಾರಿ ಹಿಡಿದವು. ಹಸಿದವನಿಗೆ ದಾನಕ್ಕಿಂತ ನೆಲ ಕೊಡಬೇಕೆಂದು ಶೂ ಮಾರುವವನಿಗೆ ಹೊಳೆದದ್ದು ದೊಡ್ಡ ಮಾತು.

ಇದಕ್ಕೆ ಆತ ತೆತ್ತ ಬೆಲೆಯೂ ಕಡಿಮೆಯಲ್ಲ. ಬ್ಯಾಂಕಿನ ನಿರ್ದೇಶಕ ಸ್ಥಾನ ಹೋಯಿತು, ಚರ್ಚಿನಲ್ಲಿ ಕುಟುಂಬದವರು ಕೂರುತ್ತಿದ್ದ ಜಾಗವೂ ಹೋಯಿತು. ಜನರು ಮಾತ್ರ ಮತ್ತೆ ಮತ್ತೆ ಆರಿಸಿದರು. 1896ರಲ್ಲಿ ಮಿಷಿಗನ್ ರಾಜ್ಯದ ಗವರ್ನರ್ ಆಗಿಯೂ ಗೆದ್ದಾಗ, ಮೇಯರ್ ಪದವಿಯನ್ನೂ ಉಳಿಸಿಕೊಳ್ಳಲು ನೋಡಿದ. ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆತನನ್ನು ಇಷ್ಟು ಮೆಚ್ಚುವ ನಾನೂ ಆ ತೀರ್ಪು ಸರಿಯೆಂದೇ ಹೇಳುತ್ತೇನೆ.